ಹೊಸ ಬ್ಯಾಂಡಿಗೆ ಹಾಡು ಆರಿಸಿದ್ದು ಹೀಗೆ

ಕಾಲೇಜು ಫೆಸ್ಟಿಗೆ ತಯಾರಾಗುವಾಗ ನಮ್ಮ ಗಿಟಾರಿಸ್ಟಿಗೆ ಎಫ್ ಬಾರೆ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಒಂದು ಬೆರಳ ಹಿಡಿತ) ಕೈಗೆ ಹತ್ತುತ್ತಿರಲಿಲ್ಲ. ತೋರುಬೆರಳು ಆರೂ ತಂತಿ ಒತ್ತುವಷ್ಟರಲ್ಲಿ ತಾಳ ಮುಂದೆ ಓಡಿರುತ್ತಿತ್ತು. ಹಾಗಾಗಿ ಕಾರ್ಡ್ ನೋಡಿಯೇ ಹಾಡು ಆರಿಸಿದೆವು.

ಬಾಬ್ ಡಿಲನ್‌ರ ‘ನಾಕಿನ್ ಆನ್ ಹೆವನ್ಸ್ ಡೋರ್’ಗೆ (1973) ಜಿ, ಡಿ, ಎ ಮೈನರ್, ಸಿ ಸಾಕು, ಲಯವೂ ನಿಧಾನ. ಹಾಡುಗಾರ್ತಿಗೆ ಶ್ರುತಿ ತಗ್ಗಾಯಿತು. ಗಿಟಾರಿನ ಕತ್ತಿನ ಮೂರನೇ ಫ್ರೆಟ್ಟಿಗೆ (ಮನೆಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಹಾಕಿದೆವು, ಬೆರಳಿನ ಹಿಡಿತ ಅದೇ ಉಳಿಯಿತು.

ದಿ ವೈಟ್ ಸ್ಟ್ರೈಪ್ಸ್ ಬ್ಯಾಂಡಿನ ‘ಸೆವೆನ್ ನೇಷನ್ ಆರ್ಮಿ’ (2003) ಹಾಡಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಸಾಲು, ಒಂದೇ ತಂತಿಯಲ್ಲಿ ಬರುತ್ತದೆ, ಜನ ಬಾಯಲ್ಲೇ ಗುನುಗುತ್ತಾರೆ.

ಆದರೆ ಶುರುವಿಗೆ ಕ್ವೀನ್ ಬ್ಯಾಂಡಿನ ‘ವಿ ವಿಲ್ ರಾಕ್ ಯು’ (1977) ಬಿಟ್ಟರೆ ಬೇರೆ ಬೇಡವೇ ಬೇಡ. ಎರಡು ಸಲ ಕಾಲು ಕುಟ್ಟಿ ಒಂದು ಚಪ್ಪಾಳೆ ತಟ್ಟಿದರೆ ಇಡೀ ಸಭೆಯೇ ಡ್ರಮ್ಮರ್ ಜೊತೆ ಸೇರುತ್ತದೆ, ಅವನ ಕೈನಡುಕವೂ ನಿಲ್ಲುತ್ತದೆ.