ಹೂಜಿ ಗಿಡ: ಮೊದಲು ಬೆಳಕು, ನೀರು, ಊಟ ಆಮೇಲೆ

ಎಲೆಯ ತುದಿಯ ಹೂಜಿಯಲ್ಲಿ ಕೀಟ ಹಿಡಿದು ತಿನ್ನುವ ಹೂಜಿ ಗಿಡ (ನೆಪೆಂಥಿಸ್) ತಂದವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎಲೆ ಬರುತ್ತದೆ, ಎಲೆಯ ತುದಿಯಿಂದ ಕುಡಿ ಚಾಚುತ್ತದೆ, ಹೂಜಿ ಮಾತ್ರ ಕಟ್ಟುವುದಿಲ್ಲ, ಯಾಕೆ? ಗಿಡಕ್ಕೆ ಹಸಿವಾಗಿದೆ ಎಂದುಕೊಂಡು ಕುಂಡಕ್ಕೆ ಗೊಬ್ಬರ ಹಾಕುತ್ತಾರೆ. ಬೇರು ಸುಟ್ಟು, ಇದ್ದ ಎಲೆಯೂ ಹೋಗುತ್ತದೆ. ಹೂಜಿ ಕಟ್ಟದಿರುವುದು ಹಸಿವಿನ ಲಕ್ಷಣವಲ್ಲ. ಬೇರಿನಿಂದ ಸಾರಜನಕ ಧಾರಾಳವಾಗಿ ಸಿಕ್ಕರೆ ಈ ಗಿಡ ಹೂಜಿ ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬೇಟೆಯ ಸಲಕರಣೆಗೆ ಶಕ್ತಿ ಸುರಿಯುವ ಅಗತ್ಯ ಅದಕ್ಕೆ ಉಳಿಯುವುದಿಲ್ಲ. ಹಾಗಾಗಿ ನಾನು ಗಿಡ ನೋಡುವ ಕ್ರಮ ಹೀಗೆ: ಮೊದಲು ಬೆಳಕು, ಆಮೇಲೆ ನೀರು ಮತ್ತು ಗಾಳಿಯ ತೇವ, ಊಟ ಎಲ್ಲಕ್ಕಿಂತ ಕೊನೆಗೆ.

ಗಿಡ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ನೆಪೆಂಥಿಸ್ ಕುಲದ ಪ್ರಭೇದಗಳಲ್ಲಿ ಕೆಲವು ಬಿಸಿ ತಗ್ಗುನಾಡಿನವು, ಕೆಲವು ತಂಪು ಬೆಟ್ಟದವು. ಸುಮಾರು 1,000 ಮೀಟರ್ ಎತ್ತರ ಇವೆರಡರ ನಡುವಿನ ಅಂದಾಜು ಗಡಿ. ರಾಫ್ಲೀಸಿಯಾನಾ, ಆಂಪುಲೇರಿಯಾ, ಬೈಕ್ಯಾಲ್ಕರೇಟಾ ತಗ್ಗಿನವು; ಹಗಲು 27ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ರಾತ್ರಿ 20ಕ್ಕಿಂತ ಕೆಳಗಿಳಿಯಬಾರದು. ರಾಜಾ, ಲೋವಿಯೈ, ಹಮಾಟಾ, ವಿಲ್ಲೋಸಾ ಬೆಟ್ಟದವು. ಹಗಲು 20ರಿಂದ 25, ರಾತ್ರಿ 10ರಿಂದ 15 ಡಿಗ್ರಿ. ರಾತ್ರಿಯ ಈ ಇಳಿತ ಸಿಗದಿದ್ದರೆ ಬೆಟ್ಟದ ಗಿಡ ಒಂದೆರಡು ತಿಂಗಳು ಚೆನ್ನಾಗಿಯೇ ಕಂಡು, ಆಮೇಲೆ ಎಲೆ ಚಿಕ್ಕದಾಗುತ್ತಾ ಸೊರಗುತ್ತದೆ. ಚಿತ್ರದಲ್ಲಿ ಎಷ್ಟೇ ಸುಂದರವಾಗಿರಲಿ, ತಂಪು ರಾತ್ರಿ ಒದಗಿಸಲಾಗದವರು ಅದನ್ನು ತರಬಾರದು. ಮೊದಲ ಗಿಡವಾಗಿ ವೆಂಟ್ರಾಟಾ ಮಿಶ್ರತಳಿ, ವೆಂಟ್ರಿಕೋಸಾ ಅಥವಾ ಮಿರಾಂಡಾ ಸಾಕು. ವೆಂಟ್ರಾಟಾ ಅಂತೂ 15ರಿಂದ 32 ಡಿಗ್ರಿಯವರೆಗೆ ಸಹಿಸುತ್ತದೆ. ತೇವ 50 ಶೇಕಡಕ್ಕೆ ಇಳಿದರೂ ಹೂಜಿ ಬಿಡುತ್ತದೆ.

ಕಾಡಿನಿಂದ ಕಿತ್ತ ಗಿಡ ಬೇಡವೇ ಬೇಡ. ಇಡೀ ಕುಲವೇ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಇದೆ. ಬೋರ್ನಿಯೋದ ರಾಜಾ, ಮೇಘಾಲಯದ ಖಾಸಿಯಾನಾ ಅತಿ ಕಟ್ಟುನಿಟ್ಟಾದ ಮೊದಲ ಅನುಬಂಧದಲ್ಲಿವೆ, ಉಳಿದವು ಎರಡನೆಯದರಲ್ಲಿ. ಅಂಗಾಂಶ ಕೃಷಿಯಿಂದಲೋ ಕಡ್ಡಿಯಿಂದಲೋ ಬೆಳೆಸಿದ ಗಿಡ ಧಾರಾಳವಾಗಿ ಸಿಗುತ್ತದೆ, ಕುಂಡಕ್ಕೆ ಹೊಂದಿಕೊಳ್ಳುವುದೂ ಅದೇ.

ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ಕಾಡಿನ ನೆರಳಿನ ಗಿಡ’ ಎಂಬ ನಂಬಿಕೆಯಿಂದ ಕೋಣೆಯ ಮೂಲೆಗೆ ಸೇರಿದ ಗಿಡಗಳೇ ಹೂಜಿ ಬಿಡದೆ ಕೂರುವುದು. ನೆಪೆಂಥಿಸ್ ಬಹುಪಾಲು ಕಾಡಿನ ಅಂಚು, ತೆರೆದ ಪೊದೆ, ಕಲ್ಲಿಳಿಜಾರುಗಳಲ್ಲಿ ಬೆಳೆಯುವಂಥದ್ದು. ಮನೆಯಲ್ಲಿ 10,000ದಿಂದ 20,000 ಲಕ್ಸ್ ಬೆಳಕು ಹಗಲಿನ ಬಹುಭಾಗ ಸಿಗಬೇಕು. ಫೋನಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲದಿದ್ದರೂ, ಈ ಜಾಗಕ್ಕಿಂತ ಆ ಜಾಗ ಮೇಲೋ ಎಂದು ತಿಳಿಯಲು ಸಾಕು. ಬೆಳಗಿನ ಎರಡು ಮೂರು ಗಂಟೆ ನೇರ ಬಿಸಿಲು ಬಂದು ಉಳಿದ ಹೊತ್ತು ಪ್ರಕಾಶಮಾನವಾಗಿರುವ ಕಿಟಕಿ ಉತ್ತಮ. ಬಯಲಿನಲ್ಲಾದರೆ 50 ಶೇಕಡ ನೆರಳು ಬಲೆ. ಎರಡೂ ಇಲ್ಲದಿದ್ದರೆ ಬಿಳಿ ಎಲ್‌ಇಡಿ ದೀಪವನ್ನು ಎಲೆಯಿಂದ 25–30 ಸೆಂಟಿಮೀಟರ್ ಮೇಲೆ ಇಟ್ಟು, ಟೈಮರ್ ಹಾಕಿ ದಿನಕ್ಕೆ 12ರಿಂದ 14 ಗಂಟೆ ಉರಿಸಬಹುದು. ಎಲೆ ಕಡು ಹಸಿರಾಗಿ, ಉದ್ದವಾಗಿ, ಜೋತುಬಿದ್ದಂತೆ ಇದ್ದರೆ ಬೆಳಕು ಸಾಲದು. ತಿಳಿ ಹಸಿರು, ಗಟ್ಟಿ ಎಲೆ, ಅಂಚಿನಲ್ಲಿ ತುಸು ಕೆಂಪು ಇದ್ದರೆ ಸರಿಯಾಗಿದೆ. ಇಡೀ ಎಲೆ ಕೆಂಪಗಾಗಿ ಬಿಸಿಲು ತಾಗುವ ಕಡೆ ಒಣ ಮಚ್ಚೆ ಬಿದ್ದರೆ ಅದು ಸುಟ್ಟ ಗುರುತು.

ಇನ್ನು ನೀರು. ಇದರಲ್ಲಿ ರಾಜಿ ಇಲ್ಲ. ಪೋಷಕಾಂಶ ತೀರಾ ಕಡಿಮೆ ಇರುವ ನೆಲದಲ್ಲಿ ವಿಕಾಸವಾದ ಬೇರು ಇದು, ಲವಣವನ್ನು ಸಹಿಸುವುದಿಲ್ಲ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 50 ಪಿಪಿಎಂ ಒಳಗಿರುವ ಮಳೆನೀರು, ಆರ್‌ಒ ನೀರು ಅಥವಾ ಭಟ್ಟಿ ಇಳಿಸಿದ ನೀರನ್ನೇ ಕೊಡಬೇಕು. ಕುದಿಸಿ ಆರಿಸಿದ ನಲ್ಲಿ ನೀರು ಇದಕ್ಕೆ ಬದಲಿಯಲ್ಲ. ಕುದಿಸಿದರೆ ನೀರು ಆವಿಯಾಗಿ ಲವಣದ ಸಾಂದ್ರತೆ ಹೆಚ್ಚಲೂಬಹುದು. ಹಾನಿ ಕೂಡಲೇ ಕಾಣುವುದಿಲ್ಲ, ಅದೇ ಅಪಾಯ. ನೀರು ಆರಿದಷ್ಟೂ ಲವಣ ಕುಂಡದಲ್ಲಿ ಮಣ್ಣಿನ ಬದಲು ತುಂಬುವ ಪಾಚಿಯಲ್ಲಿ ಉಳಿದು ಕೂಡುತ್ತಾ ಹೋಗುತ್ತದೆ. ತಿಂಗಳುಗಳ ನಂತರ ಎಲೆಯ ತುದಿ ಕಂದು ತಿರುಗಿದಾಗ ಕಾರಣ ಹೊಳೆಯುವುದಿಲ್ಲ. ಇದನ್ನು ಮೊದಲೇ ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಶುದ್ಧ ನೀರನ್ನು ಮೇಲಿನಿಂದ ಸುರಿದು, ಕುಂಡದ ಕೆಳಗೆ ಸೋರಿದ್ದನ್ನು ಲೋಟದಲ್ಲಿ ಹಿಡಿದು ಟಿಡಿಎಸ್ ಮೀಟರ್ ಅದ್ದಿ. 100 ದಾಟಿದ್ದರೆ ಕುಂಡದ ಗಾತ್ರದ ಮೂರು ನಾಲ್ಕರಷ್ಟು ಶುದ್ಧ ನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಿರಿ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಸಾಕು.

ತಟ್ಟೆಯಲ್ಲಿ ನೀರು ನಿಲ್ಲಿಸಿ ಕುಂಡ ಇಡುವ ಪದ್ಧತಿ ಬೇರೆ ಕೀಟಾಹಾರಿ ಗಿಡಗಳಾದ ಸರಸೀನಿಯಾ, ವೀನಸ್ ಫ್ಲೈಟ್ರ್ಯಾಪ್‌ಗಳದ್ದು. ನೆಪೆಂಥಿಸ್ ಬೇರಿಗೆ ತೇವದಷ್ಟೇ ಗಾಳಿಯೂ ಬೇಕು. ಮೇಲಿನ ಪಾಚಿಯ ಬಣ್ಣ ಕಡು ಇದ್ದದ್ದು ಮಾಸಲಾಗತೊಡಗಿದಾಗ, ಗರಿಗರಿಯಾಗಿ ಒಣಗುವ ಮೊದಲೇ, ಕೆಳಗೆ ಹರಿಯುವಷ್ಟು ನೀರು ಕೊಟ್ಟು ಬಸಿಯಲು ಬಿಡಬೇಕು. ಕುಂಡ ಎತ್ತಿ ನೋಡಿದರೆ ತೂಕದಲ್ಲೇ ಗೊತ್ತಾಗುತ್ತದೆ.

ಮಣ್ಣು ಎಂಬುದನ್ನು ಇಲ್ಲಿ ಮರೆತೇ ಬಿಡಿ. ಉದ್ದ ನಾರಿನ ಸ್ಫ್ಯಾಗ್ನಮ್ ಪಾಚಿ ಎರಡು ಪಾಲು, ದಪ್ಪ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ಆರ್ಕಿಡ್‌ಗೆ ಬಳಸುವ ಮರದ ತೊಗಟೆ ಚೂರು ಒಂದು ಪಾಲು. ಪಾಚಿಯನ್ನು ಶುದ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಕೈಯಲ್ಲಿ ಬಿಡಿಬಿಡಿ ಮಾಡಿ ಬೆರೆಸಬೇಕು. ಒತ್ತಿ ತುಂಬಿದರೆ ನಡುವೆ ಗಾಳಿ ಇಲ್ಲದೆ ಹುಳಿತು ನಾರುತ್ತದೆ. ಕೋಕೋಪೀಟ್ ಬಳಸುವುದಾದರೆ ಸೋರುವ ನೀರಿನ ಟಿಡಿಎಸ್ 50ಕ್ಕೆ ಇಳಿಯುವವರೆಗೆ ತೊಳೆದೇ ಬಳಸಿ, ಅದರಲ್ಲಿ ಉಪ್ಪಿನಂಶ ಬಹಳ. ಕಾಂಪೋಸ್ಟ್, ಎರೆಗೊಬ್ಬರ, ಗೊಬ್ಬರ ಬೆರೆಸಿದ ಪಾಟಿಂಗ್ ಮಿಶ್ರಣ ಒಂದೂ ಕೂಡದು. ಕುಂಡ ಪ್ಲಾಸ್ಟಿಕ್‌ನದೇ ಒಳ್ಳೆಯದು. ಸುಟ್ಟ ಮಣ್ಣಿನ ಕುಂಡ ಬೇಗ ಒಣಗುತ್ತದೆ, ಗೋಡೆಯಲ್ಲಿ ಲವಣ ಕಟ್ಟಿಕೊಳ್ಳುತ್ತದೆ.

ಒಂದೂವರೆ ಎರಡು ವರ್ಷಕ್ಕೆ ಪಾಚಿ ಕೊಳೆತು ಕುಸಿಯುತ್ತದೆ, ಆಗ ಕುಂಡ ಬದಲಿಸಬೇಕು. ಹೊರತೆಗೆದಾಗ ಬೇರುಗಳು ಕಪ್ಪಗೆ, ಕೂದಲಿನಷ್ಟು ತೆಳ್ಳಗೆ, ಮುಟ್ಟಿದರೆ ಮುರಿಯುವಂತೆ ಇರುತ್ತವೆ. ಕೊಳೆತಿವೆ ಎಂದು ಹಲವರು ಕತ್ತರಿಸಿ ಬಿಸಾಡುತ್ತಾರೆ. ನೆಪೆಂಥಿಸ್‌ನ ಆರೋಗ್ಯವಂತ ಬೇರಿನ ಬಣ್ಣವೇ ಕಪ್ಪು. ಹೊಸ ತುದಿ ಬಿಳಿಯೋ ತಿಳಿ ಕಂದೋ ಇರುತ್ತದೆ. ಬೆರಳಲ್ಲಿ ಹಿಡಿದಾಗ ಗಟ್ಟಿಯಿದ್ದರೆ ಜೀವ ಇದೆ. ಮೆತ್ತಗೆ ಜಾರಿ ಸಿಪ್ಪೆ ಕಳಚಿ ಒಳಗೆ ನೂಲಿನಂಥ ಎಳೆ ಮಾತ್ರ ಉಳಿದರೆ ಅದು ಕೊಳೆತದ್ದು. ಹಳೆಯ ಪಾಚಿ ಬೇರಿಗೆ ಅಂಟಿಕೊಂಡಿದ್ದರೆ ಎಳೆಯದೆ ಹಾಗೇ ಬಿಟ್ಟು ಸುತ್ತ ಹೊಸದನ್ನು ತುಂಬಿ.

ಗಾಳಿಯ ತೇವ 60ರಿಂದ 80 ಶೇಕಡ ಇದ್ದರೆ ಹೂಜಿ ಸರಾಗವಾಗಿ ಕಟ್ಟುತ್ತದೆ. ದಿನಕ್ಕೆರಡು ಬಾರಿ ನೀರು ಸಿಂಪಡಿಸಿದರೆ ತೇವ ಹೆಚ್ಚುವುದು ಕೆಲವೇ ನಿಮಿಷ. ಕುಂಡದ ಕೆಳಗೆ ನೀರು ಹಾಕಿಟ್ಟ ಕಲ್ಲು ಹರಳಿನ ತಟ್ಟೆಯಿಂದಲೂ ಹೇಳಿಕೊಳ್ಳುವ ಲಾಭವಿಲ್ಲ. ಗಿಡಗಳನ್ನು ಒತ್ತಟ್ಟಿಗೆ ಇಡುವುದು, ಗಾಜಿನ ಪೆಟ್ಟಿಗೆ ಅಥವಾ ಸಣ್ಣ ಹ್ಯುಮಿಡಿಫೈಯರ್ ನಿಜವಾಗಿ ಕೆಲಸ ಮಾಡುವ ದಾರಿಗಳು. ಮುಚ್ಚಿದ ಪೆಟ್ಟಿಗೆಯಾದರೆ ಪುಟ್ಟ ಫ್ಯಾನ್ ಇರಲೇಬೇಕು, ಇಲ್ಲದಿದ್ದರೆ ಎಲೆಯ ಮೇಲೆ ಬೂಷ್ಟು.

ಹೊಸದಾಗಿ ತಂದ ಗಿಡದ ಹೂಜಿಗಳು ಒಂದೊಂದಾಗಿ ಒಣಗಿದರೆ ಗಾಬರಿ ಬೇಡ. ನರ್ಸರಿಯ ಒದ್ದೆ ಗಾಳಿಯಿಂದ ಮನೆಯ ಒಣ ಗಾಳಿಗೆ ಬಂದ ಆಘಾತ ಅದು. ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ನೇರ ಬಿಸಿಲು ತಾಗದಂತೆ ಇಟ್ಟು, ಎರಡು ಮೂರು ವಾರದಲ್ಲಿ ಚೀಲದ ಬಾಯಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಬನ್ನಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಹೊಸ ಜಾಗದಲ್ಲಿ ಹುಟ್ಟಿದ ಎಲೆಗಳನ್ನು ಮಾತ್ರ.

ಹೂಜಿ ಎಂದರೆ ಹೂವಲ್ಲ, ಎಲೆಯದೇ ಭಾಗ. ಕುಡಿಯ ತುದಿ ಮೊದಲು ಅಕ್ಕಿಕಾಳಿನಷ್ಟು ಊದಿ, ಕಂದು ರೋಮ ಹೊದ್ದು ಮೇಲಕ್ಕೆ ಬಾಗುತ್ತದೆ. ಕೆಲವು ವಾರ ಚಪ್ಪಟೆಯಾಗಿಯೇ ಉದ್ದವಾಗುತ್ತದೆ. ಆಮೇಲೆ ಒಳಗೆ ಗಾಳಿ ತುಂಬಿಕೊಂಡು ಗುಂಡಗಾಗುತ್ತದೆ, ಮುಚ್ಚಳ ಇನ್ನೂ ಅಂಟಿಕೊಂಡಿರುವಾಗಲೇ ತಳದಲ್ಲಿ ದ್ರವ ಸೇರುತ್ತದೆ. ಒಂದು ದಿನ ಮುಚ್ಚಳ ಬಿರಿಯುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಬಾಯಿಯ ಅಂಚು ಹೊರಕ್ಕೆ ಸುರುಳಿಯಾಗಿ, ಗೀರುಗೀರಾಗಿ, ಬಣ್ಣ ತುಂಬಿ ಗಟ್ಟಿಯಾಗುತ್ತದೆ. ತೇವವಾದಾಗ ಈ ಅಂಚಿನ ಮೇಲೆ ತೆಳು ನೀರಿನ ಪದರ ಹರಡಿ ಇರುವೆಯ ಕಾಲು ನಿಲ್ಲುವುದಿಲ್ಲ. ಊದುತ್ತಿರುವ ಮೊಗ್ಗನ್ನು ಮುಟ್ಟಿ ನೋಡುವುದು, ಕುಂಡ ತಿರುಗಿಸಿ ಬೆಳಕಿನ ದಿಕ್ಕು ಬದಲಿಸುವುದು ಬೇಡ.

ಅಂಚು ಗಟ್ಟಿಯಾದ ಮೇಲೆಯೇ ಊಟ. ಸಾಗಾಟದಲ್ಲಿ ದ್ರವ ಚೆಲ್ಲಿ ಒಳಗೆ ಒಣಗಿದ್ದರೆ ಕಾಲು ಭಾಗ ಶುದ್ಧ ನೀರು ಹಾಕಿ. ದ್ರವ ಇದ್ದರೆ ನೀರು ಸೇರಿಸಬೇಡಿ, ಅದರ ಅಂಟು ಮತ್ತು ಕಿಣ್ವ ತೆಳುವಾಗುತ್ತವೆ. ಈ ದ್ರವ ಪ್ರೋಟೀನನ್ನು ಕರಗಿಸುತ್ತದೆಂದು ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1874ರಲ್ಲೇ ಮೊಟ್ಟೆಯ ಬಿಳಿಭಾಗದ ಚೂರು ಹಾಕಿ ತೋರಿಸಿದ್ದರು. ಬೇಟೆ ಬಿದ್ದ ಮೇಲೆ ಆಮ್ಲೀಯತೆ ಏರುತ್ತದೆ, ನೆಪೆಂಥಿಸಿನ್ ಎಂಬ ಕಿಣ್ವ ಕೆಲಸ ಮಾಡುವುದು ಆ ಆಮ್ಲದಲ್ಲೇ. ಆದರೆ ಒಂದು ಹೂಜಿ ಅರಗಿಸಬಲ್ಲದ್ದಕ್ಕೆ ಮಿತಿ ಇದೆ. ಹಾಕಿದ ಆಹಾರ ದ್ರವದ ಮೂರನೇ ಒಂದು ಭಾಗ ಮೀರಿದರೆ ಅರಗುವ ಬದಲು ಕೊಳೆಯುತ್ತದೆ, ಅಮೋನಿಯಾ ಹುಟ್ಟುತ್ತದೆ, ಹೂಜಿಯ ಹೊರಮೈಯಲ್ಲಿ ಕಂದು ಪಟ್ಟೆ ಕಾಣಿಸಿಕೊಂಡು ಅದು ಸಾಯುತ್ತದೆ.

ಕಿಟಕಿ ತೆರೆದ ಕಡೆ ಇರುವೆ, ನೊಣ ತಾವಾಗಿಯೇ ಬೀಳುತ್ತಿದ್ದರೆ ಏನೂ ಕೊಡಬೇಕಿಲ್ಲ. ಒಳಗಿನ ಗಿಡಕ್ಕೆ ಮೀನಿಗೆ ಹಾಕುವ ಒಣಗಿಸಿದ ರಕ್ತಹುಳು ನನ್ನ ಮೊದಲ ಆಯ್ಕೆ. ಒಂದು ಚಿಟಿಕೆಯನ್ನು ಒಂದು ಚಮಚ ಶುದ್ಧ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಇಕ್ಕಳದಲ್ಲಿ ಎತ್ತಿ, 10 ಸೆಂಟಿಮೀಟರ್ ಎತ್ತರದ ಹೂಜಿಗೆ ನಾಲ್ಕೈದು ಎಳೆ. ಒಣಗಿಸಿದ ಜೀರುಂಡೆಯಾದರೆ ಒಂದು. ಮೂರು ವಾರಕ್ಕೊಮ್ಮೆ, ಪ್ರತಿ ಸಲ ಒಂದೆರಡು ಹೂಜಿಗೆ ಮಾತ್ರ. ಒಂದು ಹೂಜಿ ಹೀರಿದ್ದು ಇಡೀ ಗಿಡಕ್ಕೆ ಹೋಗುತ್ತದೆ. ಕೀಟ ಮುಟ್ಟಲು ಇಷ್ಟವಿಲ್ಲದವರು ನಿಧಾನವಾಗಿ ಕರಗುವ ಆಸ್ಮೋಕೋಟ್ ಗೊಬ್ಬರದ ಗುಳಿಗೆ ಬಳಸಬಹುದು: ಸಣ್ಣ ಹೂಜಿಗೆ ಒಂದು, 15 ಸೆಂಟಿಮೀಟರ್ ಮೀರಿದ್ದಕ್ಕೆ ಎರಡು. ಅದು ತಿಂಗಳುಗಟ್ಟಲೆ ಕರಗುವುದರಿಂದ ಆ ಹೂಜಿಗೆ ಮತ್ತೆ ಹಾಕಬೇಡಿ. ಗುಳಿಗೆ ಹೂಜಿಯೊಳಗೇ ಬೀಳಬೇಕು, ಪಾಚಿಯ ಮೇಲೆ ಬಿದ್ದರೆ ಹುಡುಕಿ ತೆಗೆಯಿರಿ. ಮಾಂಸ, ಚೀಸ್, ಹಾಲು ಹಾಕಬಾರದು. ಕೊಬ್ಬು ಅರಗುವ ಮೊದಲೇ ಕೊಳೆತು ನಾರುತ್ತದೆ. ಆಂಪುಲೇರಿಯಾದ ಮಾತು ಬೇರೆ. ಅದರ ಮುಚ್ಚಳ ಹಿಂದಕ್ಕೆ ಮಡಚಿಕೊಂಡಿರುವುದು ಉದುರುವ ತರಗೆಲೆ ಹಿಡಿಯಲು. ಅದಕ್ಕೆ ಔಷಧ ಸಿಂಪಡಿಸದ ಒಣ ಎಲೆಯ ಸಣ್ಣ ಚೂರೇ ಒಪ್ಪುತ್ತದೆ.

ಹೂಜಿಯ ಬಾಯಿ ಒಣಗಿ ಕೆಳಭಾಗ ಹಸಿರಿದ್ದರೆ ಒಣಗಿದ್ದಷ್ಟನ್ನೇ ಕತ್ತರಿಸಿ, ಒಳಗಿನ ಹೀರುವಿಕೆ ಇನ್ನೂ ನಡೆಯುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ಕುಡಿಯ ಹತ್ತಿರ ಕತ್ತರಿಸಿ, ಎಲೆ ಹಸಿರಿರುವವರೆಗೆ ಎಲೆ ಇರಲಿ.

ಕೀಟ ತಿನ್ನುವ ಗಿಡಕ್ಕೂ ಕೀಟ ಬರುತ್ತದೆ. ಹಿಟ್ಟು ತಿಗಣೆ ಎಲೆಯ ಬುಡದ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂರುತ್ತದೆ. 70 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ವಾರದ ಅಂತರದಲ್ಲಿ ಮೂರು ನಾಲ್ಕು ಸಲ. ಹೊಸ ಎಲೆ ಮುರುಟಿ ಬಂದರೆ ಥ್ರಿಪ್ಸ್ ಎಂಬ ಪುಟ್ಟ ರಸ ಹೀರುವ ಕೀಟ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಬಳ್ಳಿ ಉದ್ದವಾಗಿ ಕೆಳಗಿನ ಎಲೆ ಉದುರತೊಡಗಿದಾಗ ಕತ್ತರಿಸಲು ಹೆದರಬೇಡಿ. ಎರಡು ಮೂರು ಗಿಣ್ಣಿರುವ ತುಂಡುಗಳನ್ನು ಶುದ್ಧ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಉಳಿದ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬುಡಕ್ಕೆ ಬೇರು ಹಾರ್ಮೋನ್ ಪುಡಿ ಹಚ್ಚಿ, ಹಿಂಡಿದ ಪಾಚಿ ಸುತ್ತಿ ಸಣ್ಣ ಕುಂಡದಲ್ಲಿ ಕೂರಿಸಿ ಚೀಲ ಮುಚ್ಚಿ, 24ರಿಂದ 28 ಡಿಗ್ರಿಯಲ್ಲಿ, ಬೆಳಕಿದ್ದೂ ಬಿಸಿಲಿಲ್ಲದ ಕಡೆ ಇಡಿ. ಗಿಣ್ಣಿನ ಮೊಗ್ಗು ಬೇರಿಗಿಂತ ಮೊದಲೇ ಚಿಗುರುವುದುಂಟು, ಹಾಗಾಗಿ ಚಿಗುರು ಕಂಡ ಕೂಡಲೇ ಚೀಲ ತೆಗೆಯಬೇಡಿ, ಎಳೆದು ನೋಡಲೂಬೇಡಿ. ಬೇರಿಗೆ ಎರಡು ತಿಂಗಳಾದರೂ ಬೇಕು. ಕುಂಡದ ತೂತಿನಲ್ಲಿ ಕಪ್ಪು ಬೇರು ಇಣುಕಿದಾಗ ಚೀಲದ ಬಾಯಿ ಸಡಿಲಿಸಿ. ಅಷ್ಟರಲ್ಲಿ ತಾಯಿಗಿಡದ ಮೋಟಿನಿಂದಲೂ ಹೊಸ ಚಿಗುರು ಎದ್ದಿರುತ್ತದೆ. ಹೂಜಿ ದೊಡ್ಡದಾಗಿ ಬೇಕಿದ್ದರೆ ಅದರಲ್ಲಿ ಬಲವಾದ ಒಂದನ್ನೇ ಉಳಿಸಿಕೊಳ್ಳಿ.