ಚಕಮಕಿ ಬಂದೂಕಿಗೆ ತಕ್ಕ ಅಂಗಿ: ಕೈಹೊಲಿಗೆಯ ಹಳೇ ಕಾಲದ ಬೇಟೆ ಉಡುಪು ಕೊಳ್ಳುವುದು ಹೇಗೆ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಒಂದು ಜಿಂಕೆ ಸೀಸನ್ ಶುರುವಾಗುತ್ತದೆ. ಅದರಲ್ಲಿ ಇಂದಿನ ರೈಫಲ್ ನಡೆಯುವುದಿಲ್ಲ. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುವ, ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಬಂದೂಕೇ ಬೇಕು. 1974ರಿಂದ ಇದು ನಡೆದುಕೊಂಡು ಬಂದಿದೆ. ಚಳಿಯಲ್ಲಿ ನಿಂತು ಒಂದೇ ಗುಂಡನ್ನು ನಂಬಿ ಕಾಯುವ ಈ ಜನರಲ್ಲಿ ಕೆಲವರು ಇನ್ನೂ ಮುಂದೆ ಹೋಗುತ್ತಾರೆ. ಬಂದೂಕು 1770ರ ಮಾದರಿಯದ್ದು ಅಂದಮೇಲೆ ಮೈಮೇಲಿನ ಅಂಗಿಯೂ ಅದೇ ಕಾಲದ್ದಿರಲಿ ಅನ್ನುವುದು ಅವರ ಹಟ. ಬೇರೆ ರಾಜ್ಯಗಳಲ್ಲೂ ಇಂಥವರು ಬೇಕಾದಷ್ಟಿದ್ದಾರೆ.

ಇವರಿಗೆ ಮಾದರಿ 'ಲಾಂಗ್‌ಹಂಟರ್'ಗಳು. 1760–70ರ ದಶಕಗಳಲ್ಲಿ ವರ್ಜೀನಿಯಾ, ಉತ್ತರ ಕೆರೊಲಿನಾ ಕಡೆಯಿಂದ ಅಪಲೇಷಿಯನ್ ಬೆಟ್ಟ ದಾಟಿ, ಈಗಿನ ಕೆಂಟಕಿ, ಟೆನೆಸ್ಸೀ ಕಾಡುಗಳಿಗೆ ಹೋಗಿ ತಿಂಗಳುಗಟ್ಟಲೆ ಬೇಟೆಯಾಡುತ್ತಿದ್ದವರು. ಜಿಂಕೆ ಚರ್ಮದ ವ್ಯಾಪಾರವೇ ಅವರ ಕಸುಬು. 1769ರಲ್ಲಿ ಕೆಂಟಕಿಗೆ ಹೊರಟ ಡೇನಿಯಲ್ ಬೂನ್ ಅವರಲ್ಲಿ ಹೆಸರಾದವನು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಜಿಂಕೆ ಬೇಟೆಗೆ ನಿಷೇಧವಿದೆ. ಹಾಗಾಗಿ ಈ ಲೇಖನ ಅಮೆರಿಕದಲ್ಲಿದ್ದು ಲೈಸೆನ್ಸ್ ಮಾಡಿಸಿಕೊಂಡ ಕನ್ನಡಿಗರಿಗೆ. ಬಟ್ಟೆ, ಹೊಲಿಗೆ, ಬಣ್ಣದ ಹುಚ್ಚಿರುವವರೂ ಧಾರಾಳವಾಗಿ ಓದಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ನಾಟಕದ ವೇಷ ಅಲ್ಲ, ಕೆಲಸದ ಬಟ್ಟೆ. ದುಡ್ಡನ್ನು ಒಳ್ಳೆಯ ಬಟ್ಟೆಗೆ, ಸರಿಯಾದ ಕಟಿಂಗ್‌ಗೆ ಹಾಕಿ. ಅಲಂಕಾರಕ್ಕೆ ಬೇಡ.

ಮೊದಲು ಇಸವಿ, ಊರು ಗೊತ್ತುಮಾಡಿಕೊಳ್ಳಿ

'ಹಳೇ ಕಾಲದ್ದು' ಅಂದುಕೊಂಡು ಕೊಳ್ಳಲು ಹೊರಟರೆ ಕೈಗೆ ಬರುವುದು ಕಲಬೆರಕೆ. 1775ರ ವರ್ಜೀನಿಯಾದ ಬೇಟೆಗಾರನೇ ಬೇರೆ, 1830ರ ದಶಕದಲ್ಲಿ ರಾಕಿ ಪರ್ವತಗಳಲ್ಲಿ ಬೀವರ್ ಹಿಡಿಯುತ್ತಿದ್ದವನೇ ಬೇರೆ. ಮೈತುಂಬ ಚರ್ಮ, ತೋಳುದ್ದಕ್ಕೂ ಜೋತಾಡುವ ಎಳೆ ಎಂದಾಗ ಕಣ್ಣಮುಂದೆ ಬರುವ ಚಿತ್ರ ಹೆಚ್ಚಾಗಿ ಈ ಎರಡನೆಯವನದು. ಅಂಗಡಿಗಳಲ್ಲಿ ಎರಡನ್ನೂ ಒಂದೇ ಗೂಟಕ್ಕೆ ನೇತುಹಾಕಿರುತ್ತಾರೆ. ರಕೂನ್ ಎಂಬ ಪ್ರಾಣಿಯ ಚರ್ಮದ, ಬಾಲವಿರುವ ಟೋಪಿಯದ್ದೂ ಇದೇ ಕಥೆ. ಬೂನ್ ಹೆಸರು ಹೇಳಿ ಅದನ್ನು ಮಾರುತ್ತಾರೆ. ಅವನು ಹಾಕುತ್ತಿದ್ದದ್ದು ಅಂಚಿರುವ ಸಾದಾ ಫೆಲ್ಟ್ ಹ್ಯಾಟು.

ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಇಸವಿ, ಯಾವ ಜಾಗ, ಯಾವ ತಿಂಗಳಲ್ಲಿ ಬೇಟೆ. 1775, ವರ್ಜೀನಿಯಾ ಗಡಿ, ನವೆಂಬರ್ ಎಂದರೆ ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ. ಲಿನನ್ (ಅಗಸೆ ನಾರಿನ ಬಟ್ಟೆ) ಒಳಂಗಿ, ಅದರ ಮೇಲೆ ಹಂಟಿಂಗ್ ಶರ್ಟ್, ಮೊಣಕಾಲವರೆಗಿನ ಚಡ್ಡಿ, ಕಾಲಿಗೆ ಉಣ್ಣೆಯ ಲೆಗ್ಗಿಂಗ್, ಮೊಕಾಸಿನ್ ಎಂಬ ಮೆತ್ತನೆ ಚರ್ಮದ ಪಾದರಕ್ಷೆ, ಒಂದು ಹ್ಯಾಟು. ಚಡ್ಡಿಯ ಬದಲು ಲಂಗೋಟಿಯಂಥ ಬಟ್ಟೆ ಕಟ್ಟುತ್ತಿದ್ದವರೂ ಇದ್ದರು. ಅದು, ಲೆಗ್ಗಿಂಗ್ ಮತ್ತು ಮೊಕಾಸಿನ್ ಮೂರನ್ನೂ ಬಿಳಿಯರು ಅಲ್ಲಿನ ಮೂಲನಿವಾಸಿಗಳಿಂದ ಕಲಿತದ್ದು. ಕಲಿತದ್ದನ್ನು ಉಡಿ, ತಪ್ಪೇನಿಲ್ಲ. ಆದರೆ ಗರಿ, ಮಣಿಸರ ಎಲ್ಲ ಸೇರಿಸಿಕೊಂಡು ಯಾವುದೋ ಬುಡಕಟ್ಟಿನವರ ಹಾಗೆ ವೇಷ ಕಟ್ಟುವುದು ಬೇಡ.

ಹಂಟಿಂಗ್ ಶರ್ಟ್ ಅಂದರೆ ಏನು?

ಹೆಚ್ಚು ಖರ್ಚು ಬೀಳುವುದು ಇದಕ್ಕೇ, ಜನ ಎಡವುವುದೂ ಇಲ್ಲೇ. ಆ ಗಡಿ ಭಾಗದಲ್ಲೇ ಬೆಳೆದ ಜೋಸೆಫ್ ಡಾಡ್ರಿಜ್ ಎಂಬ ಪಾದ್ರಿ ತನ್ನ ಬಾಲ್ಯದ ದಿನಗಳ ಬಗ್ಗೆ ಬರೆದದ್ದು 1824ರಲ್ಲಿ ಅಚ್ಚಾಯಿತು. ಅವನು ಕೊಡುವ ವಿವರ ದರ್ಜಿಗೆ ತೋರಿಸುವಷ್ಟು ಚೊಕ್ಕವಾಗಿದೆ. ಅರ್ಧ ತೊಡೆಯವರೆಗೆ ಬರುವ ಸಡಿಲ ಅಂಗಿ. ದೊಡ್ಡ ತೋಳು. ಮುಂದೆ ಪೂರ್ತಿ ತೆರೆದಿರುತ್ತದೆ. ಬೆಲ್ಟ್ ಬಿಗಿದಾಗ ಒಂದು ಮಗ್ಗುಲು ಇನ್ನೊಂದರ ಮೇಲೆ ಒಂದಡಿಯಷ್ಟೋ ಅದಕ್ಕಿಂತ ಜಾಸ್ತಿಯೋ ಏರಿ ಬರುತ್ತದೆ. ಭುಜದ ಮೇಲೆ ಅಗಲವಾದ ಕೇಪ್, ಕೆಲವೊಮ್ಮೆ ಅದರ ಅಂಚಿಗೆ ಬೇರೆ ಬಣ್ಣದ, ಎಳೆ ಬಿಡಿಸಿದ ಬಟ್ಟೆಯ ಕುಚ್ಚು. ಬೆಲ್ಟಿನ ಮೇಲೆ ಎದೆಯ ಹತ್ತಿರ ಉಂಟಾಗುವ ಜೋಳಿಗೆಯಲ್ಲಿ ರೊಟ್ಟಿ, ಒಣಮಾಂಸ, ನಳಿಗೆ ಒರೆಸುವ ನಾರು ಎಲ್ಲ ಇಟ್ಟುಕೊಳ್ಳುತ್ತಿದ್ದರು.

ಆ ಒಂದಡಿ ಏರಿಕೆ ಮುಖ್ಯ. ಈಗ ಮಾರುವ ಎಷ್ಟೋ ಅಂಗಿಗಳಲ್ಲಿ ಬಟ್ಟೆ ಉಳಿಸಲು ನಾಲ್ಕಿಂಚಿಗೇ ನಿಲ್ಲಿಸಿರುತ್ತಾರೆ. ಗಾಳಿ ಒಳನುಗ್ಗುತ್ತದೆ, ಜೋಳಿಗೆಯೂ ಆಗುವುದಿಲ್ಲ. ಕುಚ್ಚು ಮಾತ್ರ ಭರ್ತಿ!

ಇನ್ನು ಬಟ್ಟೆ. ಡಾಡ್ರಿಜ್ ಪ್ರಕಾರ ಹೆಚ್ಚಿನವು ಲಿನ್ಸೆಯವು, ಅಂದರೆ ಉದ್ದೆಳೆಗೆ ಅಗಸೆ ನಾರು, ಅಡ್ಡೆಳೆಗೆ ಉಣ್ಣೆ ಹಾಕಿ ನೇಯ್ದದ್ದು. ಕೆಲವು ಒರಟು ಲಿನನ್ನಿನವು. ಜಿಂಕೆ ಚರ್ಮದವು ಕಡಿಮೆ, ಯಾಕೆಂದರೆ ನೆನೆದರೆ ಚರ್ಮ ಮೈಗೆ ತಣ್ಣಗೆ ಅಂಟಿಕೊಂಡು ಹಿಂಸೆ. ಮಳೆ ನಾಡಿನ ಬೇಟೆಗೆ ಇವತ್ತಿಗೂ ಅದೇ ಸಲಹೆ: ಚರ್ಮದ ಅಂಗಿ ಬಿಡಿ, ಲಿನನ್ ಇಲ್ಲವೇ ಉಣ್ಣೆ ತಗೊಳ್ಳಿ.

ಹತ್ತಿ? ಹತ್ತಿಯಿಂದ ಬೀಜ ಬಿಡಿಸುವ ಎಲಿ ವಿಟ್ನಿಯ ಯಂತ್ರ ಬಂದದ್ದು 1793ರಲ್ಲಿ. ಅದಕ್ಕೆ ಮುಂಚೆ ಆ ಕಾಡಂಚಿನಲ್ಲಿ ಕೆಲಸದ ಬಟ್ಟೆ ಎಂದರೆ ಹೆಚ್ಚಾಗಿ ನಾರು, ಉಣ್ಣೆ. ಹತ್ತಿಯ ಅಚ್ಚುಬಟ್ಟೆ ನಮ್ಮ ಕಡೆಯಿಂದಲೇ ಹಡಗಿನಲ್ಲಿ ಹೋಗುತ್ತಿತ್ತು. ಬಂಗಾಳದ ರೇಷ್ಮೆ ಕರವಸ್ತ್ರವೂ ಹಾಗೆಯೇ. ಕುತ್ತಿಗೆಗೆ ಒಂದು ಚುಕ್ಕಿ ಕರವಸ್ತ್ರ ಕಟ್ಟಿಕೊಂಡರೆ ಇತಿಹಾಸಕ್ಕೆ ಧಕ್ಕೆಯಿಲ್ಲ, ನಮಗೂ ಸ್ವಲ್ಪ ಖುಷಿ. 'ಓಸ್ನಬರ್ಗ್' ಎಂಬ ಚೀಟಿ ನೋಡಿ ಮಾತ್ರ ಮೋಸಹೋಗಬೇಡಿ. ಆಗ ಅದು ಒರಟು ಲಿನನ್, ಈಗ ಆ ಹೆಸರಲ್ಲಿ ಸಿಗುವುದು ಬಹುತೇಕ ಹತ್ತಿ.

ಪಾಲಿಯೆಸ್ಟರ್ ಮಿಶ್ರಣ ಬೇಡವೇ ಬೇಡ. ಕಿಡಿ ಬಿದ್ದರೆ ಲಿನನ್, ಉಣ್ಣೆ ಸುಟ್ಟು ಕರಕಲಾಗುತ್ತವೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೇ ಅಂಟುತ್ತದೆ. ಚಕಮಕಿ ಬಂದೂಕಿನ ಕಿಡಿ ಹಾರುವುದು ನಿಮ್ಮ ಮುಖದ ಪಕ್ಕದಲ್ಲೇ ಅಲ್ವಾ?

ಎಲ್ಲಿ ಕೊಳ್ಳುವುದು, ಏನು ಕೇಳುವುದು

ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ಮೊದಲ ಅಂಗಿಯನ್ನು ಮುಟ್ಟಿ ನೋಡಿ ಕೊಳ್ಳುವುದು ಲೇಸು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ರಾಷ್ಟ್ರೀಯ ಮಜಲ್‌ಲೋಡಿಂಗ್ (ನಳಿಗೆಯ ಬಾಯಿಂದ ತುಂಬುವ) ರೈಫಲ್ ಸಂಘದ ಶೂಟಿಂಗ್ ಮೇಳ ನಡೆಯುತ್ತದೆ. ಆ ಸಂಘ ಶುರುವಾದದ್ದು 1933ರಲ್ಲಿ. ಮೇರಿಲ್ಯಾಂಡಿನ ಫೋರ್ಟ್ ಫ್ರೆಡರಿಕ್ ಕೋಟೆಯಲ್ಲಿ ವಸಂತಕಾಲದ ಸಂತೆ, ಮಿಷಿಗನ್ನಿನ ಕಲಮಝೂನಲ್ಲಿ ಹಳೇ ಕಾಲದ ಬದುಕನ್ನು ಮರುಕಟ್ಟುವವರ 'ಲಿವಿಂಗ್ ಹಿಸ್ಟರಿ' ಪ್ರದರ್ಶನ ಇವೆ. ಹೊಲಿಯುವವರೇ ಎದುರಿಗೆ ಕೂತಿರುತ್ತಾರೆ.

ಅವರನ್ನು ಮೊದಲು ಕೇಳಬೇಕಾದದ್ದು, 'ಪೂರ್ತಿ ಕೈಹೊಲಿಗೆಯೋ, ಕಾಣುವ ಕಡೆ ಮಾತ್ರವೋ?' ಹೊಲಿಗೆ ಯಂತ್ರ ಮನೆಮನೆಗೆ ಬಂದದ್ದು 19ನೇ ಶತಮಾನದ ಮಧ್ಯದ ನಂತರ. ಅದಕ್ಕೇ ಹೊರಗೆ ಕಾಣುವ ಮಿಷನ್ ಹೊಲಿಗೆ ಕಣ್ಣಿಗೆ ಹೊಡೆಯುತ್ತದೆ. ಪೂರ್ತಿ ಕೈಹೊಲಿಗೆಗೆ ಹತ್ತಾರು ಗಂಟೆ ಬೇಕು, ಬೆಲೆಯೂ ಹಾಗೇ ಏರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಳಗಿನ ಉದ್ದ ಹೊಲಿಗೆ ಮಿಷನ್ನಿನಲ್ಲಿದ್ದು, ಕಾಲರು, ಅಂಚು, ಕಾಜ ಎಲ್ಲ ಕೈಯಲ್ಲಿ ಮಾಡಿದ್ದರೆ ಬೇಟೆಗೆ ಧಾರಾಳ ಸಾಕು. ಕಾಡಿನಲ್ಲಿ ನಿಮ್ಮ ಒಳಹೊಲಿಗೆ ನೋಡುವವರು ಯಾರು?

ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿದ್ದಾರಾ ಎಂದೂ ಕೇಳಿ. ಇಲ್ಲ ಅಂದರೆ ಅಳತೆ ದೊಡ್ಡದಿರಲಿ. ಬಗಲಿನಲ್ಲಿ ಚೌಕ ತುಂಡು ಕೂರಿಸಿದ್ದಾರಾ ನೋಡಿ. ಆ ಕಾಲದ ಶರ್ಟುಗಳನ್ನು ಬಟ್ಟೆ ಒಂದಿಷ್ಟೂ ವ್ಯರ್ಥವಾಗದಂತೆ ಚೌಕ, ಆಯತಗಳಲ್ಲೇ ಕತ್ತರಿಸುತ್ತಿದ್ದರು. ಬಗಲ ಚೌಕವೇ ತೋಳು ಎತ್ತಲು ಸಡಿಲ ಕೊಡುವುದು. ಅದಿಲ್ಲದ ಅಂಗಿ ಬಂದೂಕು ಎತ್ತಿದ ಕೂಡಲೇ ಬಗಲಲ್ಲಿ ಹರಿಯುತ್ತದೆ.

ಅಳತೆ ಕೊಡುವಾಗ

ಒಳಂಗಿ, ವೇಸ್ಟ್‌ಕೋಟು ಹಾಕಿಕೊಂಡೇ ಎದೆಯ ಅಳತೆ ತೆಗೆಸಿ. ಜಾರ್ಜ್ ವಾಷಿಂಗ್ಟನ್ 1776ರ ಜುಲೈನಲ್ಲಿ ತನ್ನ ಸೈನ್ಯಕ್ಕೆ ಹಂಟಿಂಗ್ ಶರ್ಟ್ ಶಿಫಾರಸು ಮಾಡಿದಾಗ ಕೊಟ್ಟ ಕಾರಣ ಇದೇ: ಅಗ್ಗ, ಸೆಕೆಯಲ್ಲಿ ತಂಪು, ಚಳಿಯಲ್ಲಿ ಒಳಗೆ ಬಟ್ಟೆ ಸೇರಿಸಿದರೆ ಬೆಚ್ಚಗೆ. ಒಳಗೆ ಜಾಗವೇ ಇಲ್ಲದಿದ್ದರೆ ಏನು ಸೇರಿಸುತ್ತೀರಿ?

ತೋಳಿನ ಉದ್ದವನ್ನು ಬಂದೂಕು ಹಿಡಿದ ಭಂಗಿಯಲ್ಲೇ ಅಳೆಯಿರಿ. ಕೈ ಇಳಿಬಿಟ್ಟು ಅಳೆದರೆ ಗುರಿ ಹಿಡಿದಾಗ ಮಣಿಕಟ್ಟು ಬೆತ್ತಲಾಗುತ್ತದೆ.

ಮನೆಯಲ್ಲಿ ಹೊಂದಿಸಿಕೊಳ್ಳುವುದು

ಇಷ್ಟು ಆದಮೇಲೆ ಅಂಗಿ ಸಾದಾ ಇರುತ್ತದೆ. ಇರಲಿ, ಉಳಿದದ್ದು ನಿಮ್ಮ ಕೈಕೆಲಸ. ಲಿನನ್ ದಾರ, ಜೇನುಮೇಣ, ಗಟ್ಟಿ ಸೂಜಿ ಸಾಕು. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆಯಿರಿ. ಸಿಕ್ಕಾಗುವುದಿಲ್ಲ, ಬೇಗ ಸವೆಯುವುದೂ ಇಲ್ಲ.

ಮೊದಲು ಗುಂಡಿ. ಪ್ಲಾಸ್ಟಿಕ್ ಕಿತ್ತು ಮೂಳೆ, ಕೊಂಬು, ಪ್ಯೂಟರ್ (ತವರದ ಮಿಶ್ರಲೋಹ) ಇಲ್ಲವೇ ದಾರದ ಗುಂಡಿ ಹಾಕಿ. ಮಿಷನ್ ಕಾಜದ ಮೇಲೆಯೇ ಒತ್ತಾಗಿ ಕೈಯಲ್ಲಿ ಕಾಜ ಹೊಲಿದರೆ ಹಳೆಯದು ಮುಚ್ಚಿಹೋಗುತ್ತದೆ. ಲೋಹದ ಐಲೆಟ್ ಇದ್ದರೆ ತೆಗೆದು, ತೂತಿನ ಸುತ್ತ ದಾರ ಸುತ್ತಿ ಹೊಲಿಯಿರಿ.

ಕುಚ್ಚು ಬೇಕೇ ಬೇಕು ಅನ್ನುವವರಿಗೆ ಸುಲಭದ ದಾರಿ ಇದೆ. ಲಿನನ್ನನ್ನು ಎರಡು ಇಂಚಿನ ಪಟ್ಟಿಯಾಗಿ ಎಳೆ ನೇರಕ್ಕೆ ಕತ್ತರಿಸಿ. ಮಧ್ಯದಲ್ಲಿ ಒಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಅದರ ಒಂದು ಬದಿಯ ಉದ್ದ ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ಎಳೆದು ತೆಗೆಯಿರಿ. ಆ ಹೊಲಿಗೆಯೇ ಗಡಿ, ಅದರಾಚೆ ಬಿಚ್ಚುವುದಿಲ್ಲ. ಟಿವಿ ನೋಡುತ್ತಾ ಮಾಡುವ ಕೆಲಸ. ಕೇಪಿನ ಅಂಚಿಗೆ ಹೊಲಿಯಿರಿ, ಬಲಗೈ ತುದಿಗೆ ಮಾತ್ರ ಬೇಡ. ಬಂದೂಕಿನ ಪಕ್ಕದಲ್ಲಿ ಕಿಡಿ ಬೀಳುವ ಮದ್ದಿನ ಬಟ್ಟಲಿನ ಹತ್ತಿರ ಜೋತಾಡುವ ಒಣ ಎಳೆ ಬೆಂಕಿಗೆ ಆಹ್ವಾನ.

ಆಮೇಲೆ ಕೇಪು. ಮಡಿಕೆ ಮೇಲೆ ಮಡಿಕೆ ಬಿದ್ದರೆ ಬಂದೂಕಿನ ಹಿಡಿ ಭುಜದಲ್ಲಿ ನಿಲ್ಲದೆ ಜಾರುತ್ತದೆ. ಗುಂಡಿನ ಚೀಲ, ಮದ್ದಿನ ಕೊಂಬು ಎಲ್ಲ ನೇತುಹಾಕಿಕೊಂಡು, ಖಾಲಿ ಬಂದೂಕು ಎತ್ತಿ ನೋಡಿ. ಎಲ್ಲಿ ಗಂಟಾಗುತ್ತದೋ ಅಲ್ಲಿ ಎರಡು ಹೊಲಿಗೆ ಹಾಕಿ ಕೂರಿಸಿ.

ಬಣ್ಣ

ಬಿಳಿ ಲಿನನ್ನಿಗೆ ಕಂದು ಬಣ್ಣ ಕೊಡಲು ಅಲ್ಲಿನ ಕಪ್ಪು ವಾಲ್‌ನಟ್ ಕಾಯಿಯ ಸಿಪ್ಪೆ ಸಾಕು. ಬಣ್ಣ ಹಿಡಿಸಲು ಪಟಿಕದಂಥದ್ದು ಏನೂ ಬೇಡ. ಶರತ್ಕಾಲದಲ್ಲಿ ಮರದಡಿ ರಾಶಿ ಬಿದ್ದಿರುತ್ತದೆ, ಕೈಗವಸು ಹಾಕಿಕೊಂಡೇ ಆರಿಸಿ. ಸಿಪ್ಪೆ ನೆನೆಹಾಕಿ, ಕುದಿಸಿ, ಸೋಸಿ. ಗಂಜಿ ಹೋಗುವಂತೆ ಒಗೆದ ಒದ್ದೆ ಅಂಗಿಯನ್ನು ಅದರಲ್ಲಿ ಕಾಯಿಸಿ, ರಾತ್ರಿಯಿಡೀ ಬಿಡಿ. ಕಬ್ಬಿಣದ ಪಾತ್ರೆಯಾದರೆ ಬಣ್ಣ ಇನ್ನೂ ಗಾಢ. ಉಣ್ಣೆ ಹೆಚ್ಚು ಕುಡಿಯುತ್ತದೆ, ಲಿನನ್ ಕಡಿಮೆ. ಬಣ್ಣ ಒಂದೇ ಸಮ ಬರದಿದ್ದರೆ ಒಳ್ಳೆಯದೇ, ಕಾಡಿನಲ್ಲಿ ಅದು ಇನ್ನೂ ಚೆನ್ನಾಗಿ ಅಡಗುತ್ತದೆ.

ಒಗೆಯಲು ಅಂಗಡಿಯ ಡಿಟರ್ಜೆಂಟ್ ಬೇಡ. ಬಟ್ಟೆ ಬೆಳ್ಳಗೆ ಕಾಣಲೆಂದು ಅದರಲ್ಲಿ ಸೇರಿಸುವ ಬ್ರೈಟ್‌ನರ್ ಬಟ್ಟೆಯನ್ನು ನೀಲಿಯಾಗಿ ಹೊಳೆಯಿಸುತ್ತದೆ. ಜಿಂಕೆಯ ಕಣ್ಣಿಗೆ ನೀಲಿ ಚೆನ್ನಾಗಿ ಕಾಣುತ್ತದೆ. ಇಂಡಿಯನ್ ಸ್ಟೋರಿನಿಂದ ಅಂಟುವಾಳ ತಂದು ತೊಳೆಯಿರಿ. ಉಣ್ಣೆಗೂ ಹಿತ.

ಕಾಲಿಗೆ, ಕಾನೂನಿಗೆ

ಮೊಕಾಸಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ನೆಲದಲ್ಲಿ ಅದನ್ನು ಹಾಕುವುದೆಂದರೆ ಮರ್ಯಾದೆಯಾಗಿ ಬರಿಗಾಲಲ್ಲಿ ನಡೆದ ಹಾಗೆ ಎಂದು ಆ ಕಾಲದವರೇ ತಮಾಷೆ ಮಾಡುತ್ತಿದ್ದರಂತೆ. ಒಂದು ಸೈಜು ದೊಡ್ಡದು ತಗೊಂಡು ಒಳಗೆ ದಪ್ಪ ಉಣ್ಣೆ ಕಾಲುಚೀಲ ಹಾಕಿ. ಅದನ್ನು ಹಾಕಿಕೊಂಡು ಮರದ ಮೇಲಿನ ಅಟ್ಟಣೆ ಹತ್ತಬೇಡಿ, ಜಾರುತ್ತದೆ.

ಕಾನೂನಿನ ವಿಷಯದಲ್ಲಿ ಇತಿಹಾಸದ ಹಟ ನಡೆಯುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಬೇಟೆಗಾರ ಹೊಳೆಯುವ ಕಿತ್ತಳೆ ಬಣ್ಣ ತೊಡಲೇಬೇಕು. ಪೆನ್ಸಿಲ್ವೇನಿಯಾದ ರೈಫಲ್ ಜಿಂಕೆ ಸೀಸನ್ನಿನಲ್ಲಿ ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು. ಪ್ರತಿ ರಾಜ್ಯದ, ಪ್ರತಿ ಸೀಸನ್ನಿನ ನಿಯಮ ಬೇರೆ, ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ. ಕಡ್ಡಾಯ ಇಲ್ಲದ ಕಡೆಯೂ ನಾನಾದರೆ ಹಾಕುತ್ತೇನೆ. ಕಂದು ಅಂಗಿ ತೊಟ್ಟು ಪೊದೆಯಲ್ಲಿ ಕೂತವನು ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಜಿಂಕೆಯಂತೆ ಕಂಡರೆ ಮುಗಿಯಿತು. ಜಿಂಕೆಗೆ ಕೆಂಪು–ಕಿತ್ತಳೆ ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ, ಹಾಗಾಗಿ ಬೇಟೆಗೂ ನಷ್ಟವಿಲ್ಲ. ಹಂಟಿಂಗ್ ಶರ್ಟಿನ ಮೇಲೆ ಹಾಕಿಕೊಳ್ಳುವಷ್ಟು ಸಡಿಲವಾದ ಕಿತ್ತಳೆ ವೆಸ್ಟ್ ಒಂದನ್ನು, ಹ್ಯಾಟಿಗೆ ಅದೇ ಬಣ್ಣದ ಕವರನ್ನು ಜೊತೆಯಲ್ಲೇ ಕೊಂಡುಬಿಡಿ. ಫೋಟೋ ತೆಗೆಯುವಾಗ ಬೇಕಾದರೆ ಬಂದೂಕು ಖಾಲಿ ಮಾಡಿ, ಕಾಡಿನಿಂದ ಹೊರಬಂದು ಆ ಕಿತ್ತಳೆ ವೆಸ್ಟು, ಕವರು ತೆಗೆದಿಡಿ.