ಕಟಾವು ಯಂತ್ರದ ಸದ್ದಿನಲ್ಲೂ ಕೇಳಿಸುವ ವೈರ್‌ಲೆಸ್ ಇಂಟರ್‌ಕಾಮ್: ನನ್ನ ಅನುಭವ

ಗಂಗಾವತಿ ಭಾಗದ ಭತ್ತದ ಗದ್ದೆಗಳಲ್ಲಿ ಕಟಾವು ಯಂತ್ರದ ಚಾಲಕರಿಗೂ ಪಕ್ಕದಲ್ಲಿ ಟ್ರೇಲರ್ ತಂದು ನಿಲ್ಲಿಸುವ ಟ್ರ್ಯಾಕ್ಟರ್ ಚಾಲಕರಿಗೂ ಕೈಸನ್ನೆಯೇ ಸಾಕು, ಇಂಟರ್‌ಕಾಮ್ ನಡೆಯುವುದಿಲ್ಲ ಎಂದು ಮಾಲೀಕರು ಹೇಳುತ್ತಿದ್ದರು. ಕ್ಯಾಬಿನ್ ಇಲ್ಲದ ಯಂತ್ರದ ಸೀಟಿನ ಬಳಿ ಮೊಬೈಲ್ ಆ್ಯಪ್ 95 ಡೆಸಿಬೆಲ್ ಆಸುಪಾಸು ತೋರಿಸುತ್ತಿತ್ತು. ಆದರೂ ಒಂದನ್ನು ಕಟ್ಟಲು ಹೊರಟೆ. ರೇಡಿಯೊದ ಶಕ್ತಿ ಹೆಚ್ಚಿಸು ಎಂಬುದು ಗೆಳೆಯರೆಲ್ಲರ ಸಲಹೆ. ಇಪ್ಪತ್ತು ಮೂವತ್ತು ಮೀಟರಿಗೆ ರೇಡಿಯೊ ತೊಡಕೇ ಅಲ್ಲ, ಸದ್ದನ್ನು ಮೈಕಿನ ಬಾಯಲ್ಲೇ ತಡೆಯಬೇಕು ಎಂಬುದು ನನ್ನ ವಾದವಾಗಿತ್ತು.

ಮೊದಲು ಗಂಟಲಿಗೆ ಕಟ್ಟುವ ಮೈಕ್ ತಂದೆ. ಜೋಡಿಗೆ ಸುಮಾರು 1,800 ರೂಪಾಯಿ ಹೋಯಿತು. ಎಂಜಿನ್ ಸದ್ದೇನೋ ಅಡಗಿತು, ಆದರೆ ಹಲ್ಲು ನಾಲಿಗೆಗಳ ನಡುವೆ ಹುಟ್ಟುವ ಸಕಾರ ಗಂಟಲಿನಲ್ಲಿ ಸಿಗದ ಕಾರಣ 'ಸಾಕು' ಎಂದದ್ದು 'ಹಾಕು' ಎಂದು ಕೇಳಿಸಿ, ಟ್ರೇಲರ್ ತುಂಬಿ ಭತ್ತ ಕೆಳಗೆ ಸುರಿಯಿತು. ದನಿ ಕೇಳಿದರೆ ತಾನೇ ತೆರೆದುಕೊಳ್ಳುವ ವಾಕ್ಸ್ ಸರ್ಕ್ಯೂಟ್, ಒಕ್ಕುವ ಡ್ರಮ್ಮಿನ ಮೇಲೆ ಹೊರೆ ಬಿದ್ದಾಗಲೆಲ್ಲ ತೆರೆದುಕೊಂಡೇ ಇರುತ್ತಿತ್ತು. ಅದನ್ನು ಕಿತ್ತು ಸ್ಟಿಯರಿಂಗಿಗೆ ಒತ್ತಿ ಮಾತಾಡುವ ಗುಂಡಿ ಕಟ್ಟಿದೆ. ಮಾತು ನಿಂತೊಡನೆ ಎಂಜಿನ್ ಸದ್ದನ್ನು ಮೇಲೆತ್ತುತ್ತಿದ್ದ ಎಜಿಸಿಯನ್ನೂ (ದನಿಯ ಮಟ್ಟವನ್ನು ತಾನೇ ಏರಿಳಿಸುವ ಸರ್ಕ್ಯೂಟ್) ತೆಗೆದೆ.

ಕೊನೆಗೆ ಕೈಹಿಡಿದದ್ದು ಎರಡೂ ಬದಿ ತೆರೆದಿರುವ ಎಲೆಕ್ಟ್ರೆಟ್ ಎಂಬ ಪುಟ್ಟ ಮೈಕ್. ದೂರದ ಸದ್ದು ಎರಡೂ ಕಡೆಯಿಂದ ಬಂದು ಬಹುಪಾಲು ಅಳಿದುಹೋಗುತ್ತದೆ, ತುಟಿಯಿಂದ ಅರ್ಧ ಇಂಚಿನೊಳಗಿನ ಮಾತು ಮಾತ್ರ ಉಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 2,200 ಆರ್‌ಪಿಎಂನಲ್ಲಿ ಸೆಕೆಂಡಿಗೆ 73 ಬಾರಿ ಸಿಡಿಯುವುದರಿಂದ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಒಂದು ಫಿಲ್ಟರಿನಿಂದ ಕತ್ತರಿಸಿದರೆ ಗುಡುಗಿನ ದೊಡ್ಡ ಪಾಲು ಹೋಗುತ್ತದೆ. ಡ್ರಮ್ಮಿನ ಸದ್ದಿಗೆ ಹಾಕಿದ ಎರಡನೆಯ ಫಿಲ್ಟರಿನ ಮೌಲ್ಯಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ದುಡ್ಡು ಹೆಚ್ಚು ಕರಗಿದ್ದು ಅಲ್ಲೇ. ಕಿವಿಗೆ ಕಾರ್ಖಾನೆಯ ಕೆಲಸಗಾರರು ಹಾಕುವ, ಸದ್ದು ತಡೆಯುವ ಇಯರ್‌ಮಫ್, ಅದರೊಳಗೆ ಸ್ಪೀಕರ್. ಮಾತಾಡುವವರ ದನಿಯನ್ನು ಅವರ ಕಿವಿಗೂ ತುಸು ಬಿಡಬೇಕು, ಇಲ್ಲದಿದ್ದರೆ ಕಿರುಚುತ್ತಾರೆ.

ರೇಡಿಯೊಗೆ 2.4 ಗಿಗಾಹರ್ಟ್ಸಿನ ಎನ್‌ಆರ್‌ಎಫ್24 ಎಂಬ ಚಿಪ್ ಸಾಕಾಯಿತು. ದನಿಯಿಂದ ಸೆಕೆಂಡಿಗೆ 8,000 ಬಾರಿ (8 ಕಿಲೋಹರ್ಟ್ಸ್) ತೆಗೆದ ಮಾದರಿಗಳನ್ನು ತಲಾ 4 ಬಿಟ್‌ಗೆ ಇಳಿಸಿದರೆ 32 ಬೈಟಿನ ಒಂದು ಪ್ಯಾಕೆಟ್‌ನಲ್ಲಿ 8 ಮಿಲಿಸೆಕೆಂಡಿನ ಮಾತು ಹಿಡಿಯುತ್ತದೆ. 250 ಕೆಬಿಪಿಎಸ್‌ನಲ್ಲಿ ಅದು ಗಾಳಿಯಲ್ಲಿ ಇರುವುದು ಒಂದೂಕಾಲು ಮಿಲಿಸೆಕೆಂಡಿನಷ್ಟೇ. ಹಾಗಾಗಿ ಮೂವರಿದ್ದರೂ ಸರದಿ ಕೊಡಲು ಬೇಕಾದಷ್ಟು ಬಿಡುವು ಇರುತ್ತದೆ. ಅಗ್ಗದ ನಕಲಿ ಚಿಪ್ಪುಗಳು ಅರ್ಧದಷ್ಟು ಕಸಕ್ಕೆ ಹೋದವು. ಕಾಳಿನ ಟ್ಯಾಂಕಿನ ತಗಡು ಅಡ್ಡ ಬರುತ್ತಿದ್ದುದರಿಂದ ಆಂಟೆನಾವನ್ನು ಇಯರ್‌ಮಫ್‌ನ ನೆತ್ತಿಗೆ ಏರಿಸಿದೆ. ಆಲ್ಟರ್ನೇಟರಿನ ಸಿಳ್ಳು ತಪ್ಪಿಸಲು ವಾಹನದ ಬ್ಯಾಟರಿಯ ಸಂಬಂಧವನ್ನೇ ಬಿಟ್ಟು, ಒಂದೊಂದು ಹೆಡ್‌ಸೆಟ್‌ಗೂ 18650 ಎಂಬ ಮರುಚಾರ್ಜಿನ ಸೆಲ್ ಇಟ್ಟೆ.

ನಡುವೆ ದೂರಕ್ಕೆ ನಿಧಾನವಾಗಿ ಕಳಿಸುವ ಲೋರಾ ರೇಡಿಯೊ ಮಾಡ್ಯೂಲಿನ ಮೇಲೆ, ಮಾತನ್ನು ತುಂಬ ಕುಗ್ಗಿಸುವ ಕೋಡೆಕ್2 ತಂತ್ರಾಂಶ ಹಾಕಿಯೂ ನೋಡಿದೆ. ಮಾತು ಊರಂಚಿನವರೆಗೆ ಹೋಯಿತು, ಆದರೆ ಯಾರ ದನಿ ಎಂಬುದೇ ತಿಳಿಯದು, ತಡವೂ ಹೆಚ್ಚು.

ಕೆಟ್ಟದ್ದು ಸುಟ್ಟದ್ದು ಸೇರಿ 45,000 ರೂಪಾಯಿ ಆಗಿರಬಹುದು; ಈಗ ಒಂದು ಹೆಡ್‌ಸೆಟ್ 2,400ರ ಸುತ್ತಮುತ್ತ ಬೀಳುತ್ತದೆ. ಕೈಸನ್ನೆ ಸಾಕು ಎಂದಿದ್ದ ಮಾಲೀಕರೊಬ್ಬರು ಎರಡನೆಯ ಯಂತ್ರಕ್ಕೂ ಮುಂಗಡ ಕೊಟ್ಟಿದ್ದಾರೆ. ಭತ್ತದ ಸುಂಕು ಮೈಕಿನ ಹಿಂಬದಿಯ ತೂತು ಮುಚ್ಚಿದರೆ ಎಂಜಿನ್ ಸದ್ದು ಮತ್ತೆ ನುಗ್ಗುವುದರಿಂದ, ಸೀಸನ್ನಿನಲ್ಲಿ ವಾರಕ್ಕೊಮ್ಮೆಯಾದರೂ ಸ್ಪಂಜು ಬದಲಿಸಿ ಎಂದು ಹೇಳಿಯೇ ಕೊಡುತ್ತೇನೆ.